ಹೆಂಡತಿಗೆ ಬಾಯಿಲ್ಲದ ವ್ಯಾಜ್ಯ



1836ರಲ್ಲಿ ಜಾರ್ಜ್ ನಾರ್ಟನ್ ಎಂಬಾತ ಇಂಗ್ಲೆಂಡಿನ ಪ್ರಧಾನಿ ಲಾರ್ಡ್ ಮೆಲ್ಬೋರ್ನರ ಮೇಲೆಯೇ ದಾವೆ ಹೂಡಿದ: ತನ್ನ ಹೆಂಡತಿ ಕ್ಯಾರೊಲಿನಳನ್ನು ಕೆಡಿಸಿದ್ದಾರೆ, ನಷ್ಟ ತುಂಬಿಕೊಡಲಿ ಎಂದು. ಹೊಲಕ್ಕೆ ದನ ನುಗ್ಗಿದರೆ ಕೇಳುವ ಹಾಗೆ! ಜ್ಯೂರಿಯವರು ಕುಳಿತಲ್ಲಿಂದ ಏಳದೆಯೇ ದಾವೆಯನ್ನು ತಳ್ಳಿಹಾಕಿದರು. ಮೆಲ್ಬೋರ್ನರ ಪದವಿ ಉಳಿಯಿತು. ಕ್ಯಾರೊಲಿನಳ ಗತಿ? ಆಕೆ ಆ ವ್ಯಾಜ್ಯದಲ್ಲಿ ಕಕ್ಷಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಮೂವರು ಗಂಡುಮಕ್ಕಳು ಗಂಡನ ವಶವಾದರು. ಕಾನೂನು ಅವನ ಕಡೆಗಿತ್ತು. ಆಕೆ ಲೇಖನಿ ಹಿಡಿದಳು. ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿಯೂ ಅರ್ಜಿ ಹಾಕಬಹುದೆಂದು 1839ರಲ್ಲಿ ಕಾನೂನಾಯಿತು. ಅಷ್ಟರಲ್ಲಿ ನಾರ್ಟನ್ ಮಕ್ಕಳನ್ನು ಸ್ಕಾಟ್ಲೆಂಡಿಗೆ ಸಾಗಿಸಿದ್ದ. ಆ ಕಾನೂನು ಅಲ್ಲಿಗೆ ಮುಟ್ಟಲಿಲ್ಲ.

ಅಂಥ ದಾವೆ ಅಲ್ಲಿ 1857ರಲ್ಲಿ ರದ್ದಾಯಿತು. ನಮ್ಮ 1869ರ ವಿಚ್ಛೇದನ ಕಾಯಿದೆಯಲ್ಲಿ ಮಾತ್ರ ಪರಸ್ತ್ರೀಗಾಮಿಯಿಂದ ಪರಿಹಾರ ಕೇಳುವ ಹಕ್ಕು ಕ್ರೈಸ್ತ ಗಂಡನಿಗೆ 2001ರವರೆಗೂ ಇತ್ತು. ಹೆಂಡತಿಗೆ ಇರಲಿಲ್ಲ.