ಹೂಂಗುಟ್ಟುವವರು ಬೇಕಾಗಿದ್ದಾರೆ

(ಟೊರಾಂಟೊ ಸುತ್ತಲಿನ ಕನ್ನಡಿಗರು ಅಕ್ಟೋಬರಿನಲ್ಲಿ ಸೇರಿದ್ದ ಕಥನಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮೇಪಲ್ ಎಲೆಗಳು ಕೆಂಪಾಗುವ ಈ ತಿಂಗಳುಗಳಲ್ಲಿ ಟೊರಾಂಟೊ ಮತ್ತು ಅದರ ಸುತ್ತಲ ಊರುಗಳು ಕಾರ್ಯಕ್ರಮಗಳಿಂದ ತುಂಬಿಹೋಗುತ್ತವೆ. 2006ರಿಂದ ನಡೆದುಬಂದಿರುವ ನ್ವೀ ಬ್ಲಾಂಶ್ ಒಂದು ಇರುಳು ನಗರದ ಬೀದಿಗಳನ್ನೇ ಕಲಾಶಾಲೆಯಾಗಿಸುತ್ತದೆ. ದೇಶದಾದ್ಯಂತ ಕಲ್ಚರ್ ಡೇಸ್ ನಡೆಯುತ್ತದೆ. ಅದರ ಬೆನ್ನಿಗೇ ನಮ್ಮ ನವರಾತ್ರಿ, ದೀಪಾವಳಿ, ಕನ್ನಡ ರಾಜ್ಯೋತ್ಸವಗಳು ಬರುತ್ತವೆ. ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಪ್ರಾಯೋಜಕರನ್ನು ಹುಡುಕಿ, ಮಕ್ಕಳಿಗೆ ನೃತ್ಯ ಕಲಿಸಿ, ಊಟಕ್ಕೆ ಬಿಸಿಬೇಳೆ ಬಾತು ಮಾಡಿಸುವಷ್ಟರಲ್ಲಿ ಕಾರ್ಯಕರ್ತರು ಹಣ್ಣಾಗಿರುತ್ತಾರೆ. ಆ ದುಡಿಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳಬೇಕಾಗಿದೆ. ಇಷ್ಟೆಲ್ಲ ಹೇಳುವವರ, ಕುಣಿಯುವವರ, ಹಾಡುವವರ ನಡುವೆ ಕೇಳುವವರು ಎಲ್ಲಿದ್ದಾರೆ?

ನಮ್ಮ ಹಳ್ಳಿಗಳಲ್ಲಿ ಕತೆ ಹೇಳುವವರು ಶುರುಮಾಡುವ ಮೊದಲು ಒಂದು ಕರಾರು ಹಾಕುತ್ತಿದ್ದರು: ಯಾರಾದರೂ ಹೂಂಗುಟ್ಟಬೇಕು. ಆ ಒಂದು ‘ಹೂಂ’ ಇಲ್ಲದಿದ್ದರೆ ಕತೆ ಮುಂದೆ ಸಾಗದು. ಕೇಳುತ್ತಿದ್ದೇನೆ, ಎಚ್ಚರವಾಗಿದ್ದೇನೆ, ನೀನು ಹೇಳುವುದಕ್ಕೆ ನಾನು ಹೊಣೆ ಎಂಬುದು ಅದರ ಅರ್ಥ. ಕತೆಯೆಂಬುದು ಇಬ್ಬರು ಸೇರಿ ಹೊರುವ ಹೊರೆ. ಪ್ರದರ್ಶನಕ್ಕೆ ಚಪ್ಪಾಳೆ ಸಾಕು. ಕಥನಕ್ಕೆ ಹೂಂಗುಟ್ಟುವವರು ಬೇಕು.

ಶರತ್ಕಾಲಕ್ಕೂ ಕಥನಕ್ಕೂ ಕರ್ನಾಟಕದಲ್ಲಿ ಹಳೆಯ ನಂಟಿದೆ. ಉಡುಪಿ, ಕುಂದಾಪುರಗಳ ಸೀಮೆಯಲ್ಲಿ ನವರಾತ್ರಿ ಬಂತೆಂದರೆ ಹೂವಿನಕೋಲು ಹೊರಡುತ್ತಿತ್ತು. ಭಾಗವತರು, ಮದ್ದಳೆಯವರು, ಜೊತೆಗೆ ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಚಿಕ್ಕ ಹುಡುಗರು ಮನೆಮನೆಗೆ ಹೋಗಿ, ಎದುರುಬದುರು ಕುಳಿತು ಯಕ್ಷಗಾನ ಪ್ರಸಂಗದ ತುಣುಕೊಂದನ್ನು ಅರ್ಥ ಹೇಳಿ ಹೊರಡುತ್ತಿದ್ದರು. ರಂಗಸ್ಥಳವೂ ಇಲ್ಲ, ವೇಷವೂ ಇಲ್ಲ. ಮನೆಯ ಜಗಲಿಯೇ ಸಭೆ. ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಅಕ್ಟೋಬರಿನಲ್ಲಿ ಸಂಸ್ಕೃತಿ ಶಿಬಿರ ನಡೆಸುತ್ತ ಬಂದಿದೆ. ಅಲ್ಲಿ ನಾಟಕ ನೋಡುವುದರಷ್ಟೇ ಮುಖ್ಯವಾದದ್ದು ನೋಡಿದ ಮೇಲೆ ಕುಳಿತು ಮಾತಾಡುವುದು. ಕೆ.ವಿ. ಸುಬ್ಬಣ್ಣ ಆ ಸಣ್ಣ ಹಳ್ಳಿಯಲ್ಲಿ ನಟರನ್ನು ಬೆಳೆಸಿದಷ್ಟೇ ಶ್ರದ್ಧೆಯಿಂದ ಪ್ರೇಕ್ಷಕರನ್ನೂ ಬೆಳೆಸಿದರು. ಎರಡನೆಯದು ಹೆಚ್ಚು ಕಷ್ಟದ ಕೆಲಸ.

ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಮಳೆಗಾಲಕ್ಕೆ ಮೇಳಗಳು ತಿರುಗಾಟ ನಿಲ್ಲಿಸಿದಾಗ ತಾಳಮದ್ದಳೆ ಮೇಲೇಳುತ್ತದೆ. ಇಲ್ಲೂ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿಗಳು ಬರೆದಿಟ್ಟ ಸಂಭಾಷಣೆಯ ಹಂಗಿಲ್ಲದೆ ವಾದಿಸುತ್ತಾರೆ. ವಾಲಿವಧೆಯ ಪ್ರಸಂಗವನ್ನು ನೆನೆಯಿರಿ. ಸಾಯುತ್ತಿರುವ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ? ವಾಲಿಯ ಅರ್ಥಧಾರಿ ಸಮರ್ಥನಾಗಿದ್ದರೆ ಆ ರಾತ್ರಿ ರಾಮ ಬೆವರಬೇಕಾಗುತ್ತದೆ. ಸಭೆಗೆ ಕತೆಯ ಕೊನೆ ಗೊತ್ತು, ಉತ್ತರ ಮಾತ್ರ ಗೊತ್ತಿಲ್ಲ. ದೇವರನ್ನೂ ಪ್ರಶ್ನಿಸಬಹುದಾದ ಜಾಗವೊಂದನ್ನು ನಮ್ಮ ಹಿರಿಯರು ಭಕ್ತಿಯ ಒಳಗೇ ಕಾದಿಟ್ಟಿದ್ದರು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯ ದೊಡ್ಡ ಅರ್ಥಧಾರಿ. ಅವರೇ ಬಯಲಾಟದಲ್ಲಿ ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯ ಮುಸ್ಲಿಂ ವ್ಯಾಪಾರಿ ಬಪ್ಪಬ್ಯಾರಿಯಾಗಿ ಮನೆಮಾತಾದರು. ಪ್ರಶ್ನೆ ಕೇಳುವುದೇ ದ್ರೋಹವೆನಿಸುವ ಈ ಕಾಲದಲ್ಲಿ ಇದನ್ನು ಮರೆಯುವುದು ನಮ್ಮದೇ ಆಸ್ತಿಯನ್ನು ಕಳೆದುಕೊಂಡಂತೆ.

ಆದರೆ ಈ ಪರಂಪರೆಯನ್ನು ಬರೀ ಕೊಂಡಾಡಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಯಾರು ಅರ್ಥ ಹೇಳಬಹುದು, ಯಾರು ದೂರ ನಿಂತು ಕೇಳಬೇಕು ಎಂಬುದನ್ನು ಜಾತಿಯೂ ಲಿಂಗವೂ ಬಹುಕಾಲ ತೀರ್ಮಾನಿಸಿದವು. ದೂರ ನಿಂತವರು ತಮ್ಮದೇ ಮಹಾಕಾವ್ಯಗಳನ್ನು ಕಟ್ಟಿಕೊಂಡರು. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಾವ್ಯವನ್ನು ಇರುಳಿಡೀ ಹಾಡುತ್ತಾರೆ. ಅದರ ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ನೋಡಿದವರು ಮೂಗು ಮುಚ್ಚಿಕೊಳ್ಳುವಂಥ ರೂಪದಲ್ಲಿ ಬಸವಣ್ಣನ ಬಾಗಿಲಿಗೆ ಬರುತ್ತಾನೆ. ಸಮಾನತೆಯ ಊರೆಂದು ಹೆಸರಾದ ಕಲ್ಯಾಣದಲ್ಲೇ ಅವನನ್ನು ತಡೆಯುತ್ತಾರೆ. ವಚನಗಳನ್ನು ಬಾಯಿಪಾಠ ಮಾಡಿದ ನಮಗೆ ಇದಕ್ಕಿಂತ ಕಠಿಣವಾದ ವಿಮರ್ಶೆ ಇದೆಯೇ? ನಿಮ್ಮ ಸಮಾನತೆ ಎಷ್ಟೆಂಬುದನ್ನು ನಿಮ್ಮ ಬಾಗಿಲು ಹೇಳುತ್ತದೆ ಎನ್ನುತ್ತಿದೆ ಆ ಕಾವ್ಯ.

ಆ ಬಾಗಿಲು ಟೊರಾಂಟೊದಲ್ಲಿಯೂ ಇದೆ. 2023ರ ಮಾರ್ಚಿನಲ್ಲಿ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿ ತನ್ನ ಶಾಲೆಗಳಲ್ಲಿ ಜಾತಿ ದಬ್ಬಾಳಿಕೆ ಇದೆಯೆಂದು ಒಪ್ಪಿ ನಿರ್ಣಯ ಅಂಗೀಕರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಒಂಟಾರಿಯೊ ಮಾನವ ಹಕ್ಕುಗಳ ಆಯೋಗ, ಜಾತಿ ತಾರತಮ್ಯವೂ ಪ್ರಾಂತದ ಮಾನವ ಹಕ್ಕುಗಳ ಸಂಹಿತೆಯ ವ್ಯಾಪ್ತಿಗೆ ಬರುತ್ತದೆಂದು ಸ್ಪಷ್ಟಪಡಿಸಿತು. ‘ಇಲ್ಲಿಗೆ ಬಂದಮೇಲೆ ಜಾತಿಗೀತಿ ಏನೂ ಇಲ್ಲ’ ಎಂದು ನಮ್ಮ ಊಟದ ಮೇಜುಗಳಲ್ಲಿ ಮಾತು ಹರಿಯುತ್ತದೆ. ಹಾಗೆ ಹೇಳುವವರಿಗೆ ತಮ್ಮ ಮನೆತನದ ಹೆಸರು ಹೇಳಲು ಎಂದೂ ಅಂಜಿಕೆಯಾಗಿರುವುದಿಲ್ಲ. ನಿರ್ಣಯವಾಗುವ ಮೊದಲು ಅದು ಯಾರದೋ ಅನುಭವದ ಕತೆಯಾಗಿತ್ತು. ಆ ಕತೆಗೆ ಹೂಂಗುಟ್ಟಿದವರಲ್ಲಿ ಎಷ್ಟು ಮಂದಿ ಕನ್ನಡಿಗರಿದ್ದೆವು?

ಇನ್ನೊಂದು ಮಾತು ನಾವು ನಿಂತ ನೆಲದ್ದು. ನಮ್ಮಲ್ಲಿ ಅನೇಕರ ವಿಳಾಸದಲ್ಲಿ ಮಿಸ್ಸಿಸಾಗಾ ಎಂಬ ಹೆಸರಿದೆ. ಆ ಹೆಸರಿನ ಮೂಲನಿವಾಸಿ ಜನ ಕ್ರೆಡಿಟ್ ನದಿಯ ದಂಡೆಯನ್ನು 1847ರಲ್ಲಿ ತೊರೆಯಬೇಕಾಯಿತು. ಹೇಗರ್ಸ್‌ವಿಲ್ ಬಳಿ ಅವರಿಗೆ ನೆಲ ಕೊಟ್ಟು ಬರಮಾಡಿಕೊಂಡವರು ಸಿಕ್ಸ್ ನೇಷನ್ಸ್ ಜನ. ಹೆಸರು ಊರಿನಲ್ಲಿ ಉಳಿಯಿತು, ಹೆಸರಿನ ಒಡೆಯರು ಹೊರನಡೆದರು. ಈ ದೇಶದ ಪ್ರಭುತ್ವ ಕಥನದ ಶಕ್ತಿಯನ್ನು ನಮಗಿಂತ ಚೆನ್ನಾಗಿ ಅರಿತಿತ್ತು. ಪಶ್ಚಿಮ ಕರಾವಳಿಯ ಜನ ಹಾಡು, ಕುಣಿತ, ಕತೆಗಳಲ್ಲಿ ತಮ್ಮ ಚರಿತ್ರೆಯನ್ನು ಸಾರುತ್ತಿದ್ದ ಪಾಟ್‌ಲ್ಯಾಚ್ ಕೂಟಗಳನ್ನು 1884ರ ಕಾನೂನು ನಿಷೇಧಿಸಿತು. ಆ ನಿಷೇಧ ಕಾನೂನು ಪುಸ್ತಕದಿಂದ ಮರೆಯಾದದ್ದು 1951ರಲ್ಲಿ. ವಸತಿ ಶಾಲೆಗಳು ಮಕ್ಕಳನ್ನು ತಾಯಿನುಡಿಯಿಂದ ಕಿತ್ತವು. ಕತೆ ಹೇಳುವ ಅಜ್ಜಿಗೂ ಹೂಂಗುಟ್ಟುವ ಮೊಮ್ಮಗುವಿಗೂ ನಡುವೆ ಗೋಡೆ ಕಟ್ಟುವುದೇ ಆ ಶಾಲೆಗಳ ಕೆಲಸವಾಗಿತ್ತು.

ಆ ಗೋಡೆ ಬಿರುಕು ಬಿಟ್ಟದ್ದು ಕೂಡ ಕಥನದಿಂದಲೇ. ಸತ್ಯ ಮತ್ತು ಸಂಧಾನ ಆಯೋಗದ ಮುಂದೆ 6,000ಕ್ಕೂ ಹೆಚ್ಚು ಮಂದಿ ತಮ್ಮ ಪಾಡನ್ನು ಹೇಳಿಕೊಂಡರು. 2015ರಲ್ಲಿ ಆಯೋಗ 94 ಕ್ರಮಗಳಿಗೆ ಕರೆ ಕೊಟ್ಟಿತು. 2021ರಿಂದ ಸೆಪ್ಟೆಂಬರ್ 30 ರಾಷ್ಟ್ರೀಯ ಸ್ಮರಣೆಯ ದಿನವಾಗಿದೆ. ಇಲ್ಲಿನ ಶರತ್ಕಾಲ ಹಾಗೆ ಆರಂಭವಾಗುತ್ತದೆ. ಅನಿಶಿನಾಬೆ, ಹೊಡೆನೊಶೋನಿ ಜನರಲ್ಲಿ ಅನೇಕ ಕತೆಗಳನ್ನು ಚಳಿಗಾಲದಲ್ಲಷ್ಟೇ ಹೇಳಬೇಕೆಂಬ ಕಟ್ಟಳೆಯಿದೆ. ಕತೆಗೊಂದು ಕಾಲವಿದೆ, ಕೇಳುವವನು ಕಾಯಬೇಕು ಎಂಬ ಆ ವಿವೇಕ ನಮ್ಮ ಮೇಳಗಳ ತಿರುಗಾಟಕ್ಕೂ ಪರಿಚಿತವಾದದ್ದೇ. ನೆಲದ ಹಕ್ಕಿನ ಹೇಳಿಕೆಯೊಂದನ್ನು ಕಾರ್ಯಕ್ರಮದ ಮೊದಲಲ್ಲಿ ಓದಿ ಮುಗಿಸುವುದಕ್ಕಿಂತ, ಆ ಜನರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿಬರುವುದು ಹೆಚ್ಚಿನ ಗೌರವ.

ಹೇಳದೆ ಉಳಿದ ಕತೆ ಸುಮ್ಮನಿರುವುದಿಲ್ಲವೆಂದು ನಮ್ಮ ಜನಪದರಿಗೆ ಗೊತ್ತಿತ್ತು. ಒಂದು ಕತೆಯನ್ನೂ ಒಂದು ಹಾಡನ್ನೂ ತನ್ನೊಳಗೇ ಇಟ್ಟುಕೊಂಡ ಹೆಂಗಸಿನ ಕತೆಯನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿದರು. ಗಿರೀಶ ಕಾರ್ನಾಡರ ‘ನಾಗಮಂಡಲ’ ಅದನ್ನು ರಂಗಕ್ಕೆ ತಂದಿತು. ಉಸಿರುಗಟ್ಟಿದ ಕತೆ ಹೊರಬಂದು ಮನೆಯಲ್ಲಿ ಜಗಳ ಹಚ್ಚುತ್ತದೆ. ನಮ್ಮ ನಡುವೆಯೂ ಅಂಥ ಕತೆಗಳಿವೆ. ಸೂಪರ್ ವೀಸಾದಲ್ಲಿ ಬಂದು, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ, ಹಗಲೆಲ್ಲ ಕನ್ನಡ ಕೇಳುವ ಕಿವಿಯಿಲ್ಲದೆ ಕುಳಿತ ಅಜ್ಜಿಯ ಕತೆ. ಬ್ರ್ಯಾಂಪ್ಟನ್ನಿನ ನೆಲಮಾಳಿಗೆಯಲ್ಲಿ ನಾಲ್ವರೊಡನೆ ಕೋಣೆ ಹಂಚಿಕೊಂಡು, ಊರಿಗೆ ಮಾತ್ರ ‘ಆರಾಮಾಗಿದ್ದೇನೆ’ ಎನ್ನುವ ವಿದ್ಯಾರ್ಥಿಯ ಕತೆ. ರಾತ್ರಿಪಾಳಿಯಲ್ಲಿ ಗೋದಾಮಿನ ಪೆಟ್ಟಿಗೆಗಳನ್ನು ಎತ್ತುವ ಎಂಜಿನಿಯರನ ಕತೆ. ಮನೆಯೊಳಗಿನ ಹಿಂಸೆಯನ್ನು ಸಮುದಾಯದ ಮರ್ಯಾದೆಗಾಗಿ ನುಂಗಿಕೊಂಡವಳ ಕತೆ. ಇವುಗಳಿಗೆ ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಐದು ನಿಮಿಷವೂ ಸಿಕ್ಕಿಲ್ಲ.

ಏನು ಮಾಡಬಹುದು? ದೊಡ್ಡ ಸಭಾಂಗಣ ಬೇಡ. ಟೊರಾಂಟೊದಲ್ಲಿ ಡ್ಯಾನ್ ಯಶಿನ್ಸ್ಕಿ 1978ರಲ್ಲಿ ಆರಂಭಿಸಿದ ‘1001 ಶುಕ್ರವಾರ ರಾತ್ರಿಗಳ ಕಥನ’ ಕೂಟಕ್ಕೆ ಬೇಕಾದದ್ದು ಒಂದು ಕೋಣೆ, ಕೆಲವು ಕುರ್ಚಿಗಳು, ಯಾರು ಬೇಕಾದರೂ ಎದ್ದು ಹೇಳಬಹುದೆಂಬ ನಿಯಮ. ಇಷ್ಟು ನಮ್ಮಿಂದಲೂ ಆಗುತ್ತದೆ. ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಕೋಣೆ, ಇಪ್ಪತ್ತು ಜನ, ತಿಂಗಳಿಗೊಂದು ಸಂಜೆ. ಪ್ರಾಯೋಜಕರ ಫಲಕವಿಲ್ಲ, ಸನ್ಮಾನವಿಲ್ಲ, ವಿಡಿಯೊ ಇಲ್ಲ. ಹೇಳಿದವರ ಕತೆಯನ್ನು ಅವರ ಅನುಮತಿಯಿಲ್ಲದೆ ಯಾರೂ ಹೊರಗೆ ಒಯ್ಯಬಾರದು. ಕನ್ನಡ ತೊದಲುವ ಮಕ್ಕಳು ಇಂಗ್ಲಿಷ್ ಬೆರೆಸಿ ಪ್ರಶ್ನೆ ಕೇಳಲಿ, ನಗುವುದು ಬೇಡ. ವರ್ಷಕ್ಕೊಮ್ಮೆ ತಾಳಮದ್ದಳೆಯೊಂದನ್ನು ಇಟ್ಟುಕೊಳ್ಳೋಣ, ವಾಲಿಯ ಅರ್ಥವನ್ನು ಒಬ್ಬ ಹೆಣ್ಣುಮಗಳು ಹೇಳಲಿ. ಊರಿನಿಂದ ಕರೆಸಲು ಹಣ ಕೂಡಿದರೆ ಸಿನಿಮಾ ತಾರೆಯ ಬದಲು ನೀಲಗಾರರ ತಂಡವೊಂದನ್ನು ಕರೆಸೋಣ. ಅವರನ್ನು ‘ಜಾನಪದ ಐಟಂ’ ಎಂದು ಹತ್ತು ನಿಮಿಷಕ್ಕೆ ಇಳಿಸದೆ ಇರುಳಿಡೀ ಕುಳಿತು ಕೇಳೋಣ. ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಶಾಲು ಹೊದಿಸಿ ತೀರಿಸದೆ ಕೈಗೆ ಕೊಡೋಣ.

ಇದರಿಂದ ಜನಸಂಖ್ಯೆ ಕಡಿಮೆಯಾಗುತ್ತದೆ, ಫೋಟೊ ಚೆನ್ನಾಗಿ ಬರುವುದಿಲ್ಲ, ಕೆಲವು ಗೆಳೆತನಗಳು ಹದಗೆಡಲೂಬಹುದು. ಜಾತಿಯ ಮಾತು, ಮನೆಯೊಳಗಿನ ಮಾತು ಬಂದಾಗ ಕೆಲವರು ಎದ್ದುಹೋಗುತ್ತಾರೆ. ಹೋಗಲಿ, ಮುಂದಿನ ಸಂಜೆ ಮತ್ತೆ ಕರೆಯೋಣ. ಉಳಿದವರು ಮಾತ್ರ ಎಚ್ಚರವಾಗಿರಬೇಕು.

ನನ್ನ ಮಾತು ಇಲ್ಲಿಗೆ ಸಾಕು. ಇನ್ನುಳಿದ ಸಮಯ ನಿಮ್ಮದು. ಯಾರು ಮೊದಲು ಹೇಳುತ್ತೀರಿ? ನಾನು ಹೂಂಗುಟ್ಟುತ್ತೇನೆ.