ಕಡಿಮೆ ಬಜೆಟ್ಟಿನಲ್ಲಿ ಹಳೇ ಸ್ಪೋರ್ಟಿ ಕಾರು: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ವಾರಕ್ಕೆ ಸಿಗೋದೇ ಒಂದು ರಜೆ. ಬಟ್ಟೆ ಒಗೆಯೋದು, ಅಡುಗೆ, ಊರಿಗೆ ಫೋನ್ ಮಾಡೋದು ಎಲ್ಲ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೇನೆ.

ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ, ದುಬೈಯಲ್ಲಿ ಕಂಪನಿಯೊಂದರ ಲೆಕ್ಕ ಬರೆಯುವವನು. ಸಾಲ, ಉಳಿತಾಯದ ವಿಚಾರ ಕೇಳಲು ಬರುವ ತಮ್ಮಂದಿರು ಇತ್ತೀಚೆಗೆ ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಅಣ್ಣ, ಲೈಸೆನ್ಸ್ ಆಯ್ತು. ಇಪ್ಪತ್ತು ಸಾವಿರ ದಿರ್ಹಮ್ ಕೂಡಿಟ್ಟಿದ್ದೇನೆ. ಗಾಲ್ಫ್ ಜಿಟಿಐ ಒಂದು ಸಿಗ್ತಾ ಇದೆ, ತಗೊಳ್ಳಲಾ?” ಇನ್ನೊಬ್ಬರಿಗೆ ಮಿನಿ ಕೂಪರ್, ಮತ್ತೊಬ್ಬರಿಗೆ ಸಿವಿಕ್.

ಆಸೆ ತಪ್ಪಲ್ಲ. ಲೈಸೆನ್ಸಿಗೇ ಸಾವಿರಾರು ದಿರ್ಹಮ್ ಸುರಿದವರಿಗೆ ಒಂದು ಚುರುಕಾದ, ಚಿಕ್ಕ ಗಾಡಿ ಬೇಕು ಅನ್ನಿಸೋದು ಸಹಜ. ಆದರೆ ಆ ಇಪ್ಪತ್ತು ಸಾವಿರ ಬರೀ ಗಾಡಿಯ ದುಡ್ಡಲ್ಲ. ಕೆಲವರಿಗೆ ಅದು ತಂಗಿಯ ಮದುವೆಯ ದುಡ್ಡು, ಕೆಲವರಿಗೆ ಸೊಸೈಟಿ ಸಾಲ ತೀರಿಸುವ ದುಡ್ಡು. ಅದಕ್ಕೇ ಗಾಡಿ ನೋಡುವ ಮೊದಲು ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ.

ಮೊದಲು ತಿಂಗಳ ಲೆಕ್ಕ

ಉದಾಹರಣೆಗೆ, ಶಾರ್ಜಾದಲ್ಲಿ ವಾಸ, ದುಬೈಯಲ್ಲಿ ಕೆಲಸ, ಸಂಬಳ 5,500 ದಿರ್ಹಮ್ ಅಂತ ಇಟ್ಟುಕೊಳ್ಳೋಣ. ಬಾಡಿಗೆ, ಊಟಕ್ಕೆ 1,500 ಹೋದರೆ ಕೈಯಲ್ಲಿ ಉಳಿಯೋದು 4,000.

ಸಾಲಿಕ್: ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರವರೆಗೆ ಕೆಲಸದ ದಿನಗಳಲ್ಲಿ ಒಂದು ಗೇಟಿಗೆ 6 ದಿರ್ಹಮ್. ಹೋಗುವಾಗ ಎರಡು ಗೇಟು, ಬರುವಾಗ ಎರಡು ಅಂದರೆ ದಿನಕ್ಕೆ 24. ತಿಂಗಳಿಗೆ 22 ದಿನಕ್ಕೆ 528.

ಪೆಟ್ರೋಲ್: ತಿಂಗಳಿಗೆ 1,600 ಕಿಲೋಮೀಟರ್ ಓಡಿಸ್ತೀರಿ, ಗಾಡಿ ನೂರು ಕಿಲೋಮೀಟರಿಗೆ 8 ಲೀಟರ್ ಕುಡಿಯುತ್ತೆ ಅಂದರೆ 128 ಲೀಟರ್. ಇಲ್ಲಿ ದರ ತಿಂಗಳಿಗೊಮ್ಮೆ ಬದಲಾಗುತ್ತೆ. ಲೆಕ್ಕಕ್ಕೆ ಲೀಟರಿಗೆ 2.70 ಹಿಡಿದರೆ ಸುಮಾರು 346.

ಇನ್ಶೂರೆನ್ಸ್, ಪಾಸಿಂಗ್, ಮುಲ್ಕಿಯಾ ನವೀಕರಣ ಸೇರಿ ವರ್ಷಕ್ಕೆ 1,800 ಅಂತ ಹಿಡಿದರೆ ತಿಂಗಳಿಗೆ 150. ಪಾರ್ಕಿಂಗಿಗೆ 150. ಆಯಿಲ್, ಟೈರ್, ಬ್ಯಾಟರಿ, ರಿಪೇರಿಗೆ ಅಂತ ಎತ್ತಿಡಬೇಕಾದ್ದು 200.

ಒಟ್ಟು 1,374 ದಿರ್ಹಮ್. ಗಮನಿಸಿ, ಇದರಲ್ಲಿ ಗಾಡಿಯ ಬೆಲೆ ಒಂದು ಫಿಲ್ಸ್ ಕೂಡ ಸೇರಿಲ್ಲ. ಈಗ ಬಸ್ಸು, ಮೆಟ್ರೋಗೆ 400 ಆಗ್ತಾ ಇದ್ದರೆ ಅದನ್ನು ಕಳೆಯಿರಿ. ಆದರೂ ಹೆಚ್ಚುವರಿ ಹೊರೆ 974. ವರ್ಷಕ್ಕೆ 11,688 ದಿರ್ಹಮ್. ದಿರ್ಹಮಿಗೆ 23 ರೂಪಾಯಿ ಅಂತ ಹಿಡಿದರೂ ಸುಮಾರು 2 ಲಕ್ಷ 69 ಸಾವಿರ ರೂಪಾಯಿ.

4,000ದಲ್ಲಿ 1,374 ಹೋದರೆ ಉಳಿಯೋದು 2,626. ನೀವು ತಿಂಗಳಿಗೆ 3,000 ಮನೆಗೆ ಕಳಿಸುವವರಾದರೆ ಈ ಲೆಕ್ಕ ಅಲ್ಲೇ ನಿಲ್ಲುತ್ತೆ. ನಿಮ್ಮ ಅಂಕಿಗಳು ಬೇರೆ ಇರಬಹುದು. ಕೆಲಸದ ಜಾಗ ಹತ್ತಿರ ಇರಬಹುದು, ಸಾಲಿಕ್ ಗೇಟೇ ಇಲ್ಲದಿರಬಹುದು. ಅಬುಧಾಬಿಯವರಿಗೆ ಸಾಲಿಕ್ ಬದಲು ದರ್ಬ್ ಇದೆ. ನನ್ನ ಅಂಕಿ ಅಳಿಸಿ ನಿಮ್ಮದನ್ನು ಬರೆಯಿರಿ. ಆದರೆ ಯಾವ ಸಾಲನ್ನೂ ಖಾಲಿ ಬಿಡಬೇಡಿ.

ಈಗ ಸ್ಪೋರ್ಟಿ ಗಾಡಿಯ ವಿಷಯ. ಟರ್ಬೋ ಗಾಡಿ ಶಾರ್ಜಾದ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ನೂರಕ್ಕೆ ಹತ್ತೂವರೆ ಲೀಟರ್ ಕುಡಿದರೆ ಪೆಟ್ರೋಲ್ ಖರ್ಚೇ 454 ಆಗುತ್ತೆ. ಕೆಲವು ಗಾಡಿಗೆ ಸ್ಪೆಷಲ್ ಸಾಲದು, ಸೂಪರ್ 98 ಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿರುತ್ತೆ, ನೋಡಿ. ಇನ್ಶೂರೆನ್ಸ್ ಕಂಪನಿಗಳು ಇಂಥ ಗಾಡಿಗೆ ಹೆಚ್ಚು ಕೇಳುತ್ತವೆ. ವಯಸ್ಸು 25ಕ್ಕಿಂತ ಕಡಿಮೆ ಇದ್ದರೆ, ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರದಿದ್ದರೆ, ಅಪಘಾತವಾದಾಗ ನಿಮ್ಮ ಕೈಯಿಂದ ಕಟ್ಟಬೇಕಾದ ಪಾಲೂ ಜಾಸ್ತಿ. ಗಾಡಿಗೆ ಹತ್ತು ವರ್ಷ ದಾಟಿದ್ದರೆ ಅನೇಕ ಕಂಪನಿಗಳು ಫುಲ್ ಇನ್ಶೂರೆನ್ಸ್ ಕೊಡಲು ಒಪ್ಪೋದಿಲ್ಲ. ಆದ್ದರಿಂದ ಗಾಡಿಗೆ ಅಡ್ವಾನ್ಸ್ ಕೊಡುವ ಮೊದಲು ಇನ್ಶೂರೆನ್ಸ್ ಕೊಟೇಶನ್ ತರಿಸಿ. ಕೊಟೇಶನ್ನಿಗೆ ದುಡ್ಡಿಲ್ಲ.

ಇಪ್ಪತ್ತು ಇದ್ದರೆ ಹದಿನಾಲ್ಕರ ಗಾಡಿ

ಕೈಯಲ್ಲಿ 20,000 ಇದ್ದರೆ 20,000ದ ಗಾಡಿ ನೋಡಬೇಡಿ. 14,000ದ ಗಾಡಿ ನೋಡಿ. ಉಳಿದ 6,000ದಲ್ಲಿ ವರ್ಗಾವಣೆ, ಇನ್ಶೂರೆನ್ಸ್, ಮೊದಲ ಸರ್ವಿಸ್, ನಾಲ್ಕು ಟೈರ್ ಆಗಬೇಕು, ಒಂದು ಅನಿರೀಕ್ಷಿತ ರಿಪೇರಿಗೂ ಉಳಿಯಬೇಕು. ಹಳೇ ಗಾಡಿ ಕೊಂಡ ಮೊದಲ ಆರು ತಿಂಗಳಲ್ಲಿ ಏನಾದರೊಂದು ಕೇಳಿಯೇ ಕೇಳುತ್ತೆ. ಆಗ ಕೈ ಖಾಲಿ ಇದ್ದರೆ ಕ್ರೆಡಿಟ್ ಕಾರ್ಡ್ ಹೊರಗೆ ಬರುತ್ತೆ. ಅಲ್ಲಿಂದ ಮುಂದಿನ ಕತೆ ನಿಮಗೇ ಗೊತ್ತು.

ಸಾಲ ಮಾಡಿ ಕೊಳ್ಳೋದಾದರೆ ಎರಡು ನಿಯಮ ತಿಳಿದಿರಲಿ. ಇಲ್ಲಿನ ಸೆಂಟ್ರಲ್ ಬ್ಯಾಂಕ್ ನಿಯಮದಂತೆ ಗಾಡಿಯ ಬೆಲೆಯ ಶೇ. 80ಕ್ಕಿಂತ ಹೆಚ್ಚು ಸಾಲ ಸಿಗೋದಿಲ್ಲ, ಅವಧಿ 60 ತಿಂಗಳು ಮೀರುವಂತಿಲ್ಲ. ನಿಮ್ಮ ಎಲ್ಲ ಸಾಲಗಳ ಕಂತು ಸೇರಿ ಸಂಬಳದ ಅರ್ಧ ದಾಟುವಂತಿಲ್ಲ. ಈ ಅರ್ಧ ಅನ್ನೋದು ಬ್ಯಾಂಕಿನ ಮಿತಿ. ಊರಿಗೆ ದುಡ್ಡು ಕಳಿಸುವವರ ಮಿತಿ ಅದಕ್ಕಿಂತ ತುಂಬಾ ಕಡಿಮೆ ಇರಬೇಕು.

ಜಾಹೀರಾತಿನಲ್ಲಿ “ಫ್ಲಾಟ್ ಶೇ. 3” ಅಂತ ಕಂಡರೆ ಖುಷಿಪಡಬೇಡಿ. 16,000 ಸಾಲ, ನಾಲ್ಕು ವರ್ಷ, ಫ್ಲಾಟ್ ಶೇ. 3 ಅಂದರೆ ಬಡ್ಡಿ 1,920, ತಿಂಗಳ ಕಂತು ಸುಮಾರು 373. ನೀವು ಪ್ರತಿ ತಿಂಗಳು ಅಸಲು ತೀರಿಸ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 16,000ದ ಮೇಲೇ ಹಾಕಿರ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ. 5.6ಕ್ಕೂ ಮೇಲೆ ಬರುತ್ತೆ. ಬ್ಯಾಂಕಿನವರನ್ನು ಕೇಳಬೇಕಾದ ಪ್ರಶ್ನೆ ಒಂದೇ: “ರೆಡ್ಯೂಸಿಂಗ್ ದರ ಎಷ್ಟು?”

ಇನ್ನೊಂದು ಮಾತು. ನಮ್ಮ ವಾಸ ಇಲ್ಲಿ ವೀಸಾದ ಮೇಲೆ ನಿಂತಿದೆ. ಕೆಲಸ ಹೋದರೆ ಗಾಡಿಯನ್ನು ಅವಸರದಲ್ಲಿ ಮಾರಬೇಕಾಗುತ್ತೆ. ಅವಸರದ ಮಾರಾಟಕ್ಕೆ ಬೆಲೆ ಸಿಗೋದಿಲ್ಲ. ಸಾಲ ಬಾಕಿ ಇಟ್ಟು ಊರಿಗೆ ಹೋಗೋಣ ಅಂದರೆ, ಬ್ಯಾಂಕು ಕೋರ್ಟಿಗೆ ಹೋಗಿ ಪ್ರಯಾಣ ನಿರ್ಬಂಧ ತರಬಹುದು. ತಂದೆ ತಾಯಿಗೆ ಹುಷಾರಿಲ್ಲ ಅಂತ ಹೊರಟವನು ವಿಮಾನ ನಿಲ್ದಾಣದಲ್ಲಿ ನಿಲ್ಲುವ ಸ್ಥಿತಿ ಬರಬಾರದು.

ಯಾವ ಗಾಡಿ?

ಓಡಿಸಲು ಖುಷಿ ಕೊಡಬೇಕು, ಜೇಬನ್ನೂ ಉಳಿಸಬೇಕು ಅನ್ನೋರಿಗೆ ನನ್ನ ಸಲಹೆ: ಟರ್ಬೋ ಇಲ್ಲದ, ಸಾಧಾರಣ ಆಟೋಮ್ಯಾಟಿಕ್ ಅಥವಾ ಮ್ಯಾನುವಲ್ ಗೇರ್ ಇರುವ ಗಾಡಿ. 2014ರ ನಂತರದ ಮಜ್ದಾ 3 ಅಂಥದ್ದು. 2.0 ಲೀಟರ್ ಎಂಜಿನ್, ಆರು ಗೇರಿನ ಮಾಮೂಲು ಆಟೋಮ್ಯಾಟಿಕ್, ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಹಾಗೆ ಕೇಳುತ್ತೆ. ಹೋಂಡಾ ಸಿವಿಕ್ 1.8 ಇನ್ನೊಂದು, 2006ರಿಂದ 2009ರ ಗಾಡಿಯಾದರೆ ಎಂಜಿನ್ ಬ್ಲಾಕ್‌ನಲ್ಲಿ ಬಿರುಕು ಬಿಟ್ಟು ಕೂಲಂಟ್ ಸೋರುವ ತೊಂದರೆ ಕೆಲವದರಲ್ಲಿ ಕಂಡಿತ್ತು, ಅದನ್ನು ನೋಡಿಸಿ. ಬಜೆಟ್ ಇನ್ನೂ ಬಿಗಿ ಇದ್ದರೆ ಸುಜುಕಿ ಸ್ವಿಫ್ಟ್. ಹಗುರ ಗಾಡಿ, ಕಡಿಮೆ ಪೆಟ್ರೋಲ್. “ಊರಲ್ಲಿ ನೋಡಿದ್ದೇ ಇಲ್ಲೂ ಯಾಕೆ” ಅಂತ ಮೂಗು ಮುರಿಯಬೇಡಿ.

ಗಾಲ್ಫ್ ಜಿಟಿಐ ಒಳ್ಳೇ ಗಾಡಿ, ಅದರಲ್ಲಿ ಅನುಮಾನ ಇಲ್ಲ. ಆದರೆ 2009ರಿಂದ 2012ರ ಸುಮಾರಿನ ಆರನೇ ತಲೆಮಾರಿನ ಗಾಡಿಯಲ್ಲಿ ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ದುರ್ಬಲ. ಅದು ಕೈಕೊಟ್ಟರೆ ಎಂಜಿನ್ನೇ ಹೋಗಬಹುದು. ಟೆನ್ಷನರ್ ಬದಲಾಯಿಸಿದ ಬಿಲ್ ಕೇಳಿ. ಅದರ ಡಿಎಸ್‌ಜಿ ಗೇರ್‌ಬಾಕ್ಸಿನ ಆಯಿಲನ್ನು 60,000 ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು. ಗಾಡಿ 1,50,000 ಓಡಿದ್ದರೆ ಎರಡು ಬಿಲ್ ಇರಬೇಕು. ಬಿಲ್ ಇಲ್ಲ ಅಂದರೆ ಕೆಲಸ ಆಗಿಲ್ಲ ಅಂತಲೇ ತಿಳಿಯಿರಿ. 2007ರಿಂದ 2010ರ ಮಿನಿ ಕೂಪರ್ ಎಸ್ ಕೂಡ ಚೈನ್ ಟೆನ್ಷನರ್, ಹೈ ಪ್ರೆಶರ್ ಪೆಟ್ರೋಲ್ ಪಂಪ್ ತೊಂದರೆಗೆ ಹೆಸರಾದ ಗಾಡಿ. 2012ರಿಂದ 2016ರ ಫೋರ್ಡ್ ಫೋಕಸ್, ಫಿಯೆಸ್ಟಾಗಳ ಪವರ್‌ಶಿಫ್ಟ್ ಡ್ರೈ ಕ್ಲಚ್ ಗೇರ್‌ಬಾಕ್ಸ್ ನಿಧಾನ ಟ್ರಾಫಿಕ್‌ನಲ್ಲಿ ನಡುಗುತ್ತೆ. ಇಂಥ ಗಾಡಿಗಳು ಅಗ್ಗಕ್ಕೆ ಸಿಗುವುದಕ್ಕೆ ಕಾರಣ ಇದೇ. ಹೊಸದಾಗಿದ್ದಾಗ ಲಕ್ಷ ದಿರ್ಹಮಿನ ಗಾಡಿ ಈಗ ಹದಿನೈದು ಸಾವಿರಕ್ಕೆ ಸಿಗಬಹುದು. ಅದರ ಬಿಡಿಭಾಗ ಮಾತ್ರ ಇನ್ನೂ ಲಕ್ಷದ ಗಾಡಿಯ ಬೆಲೆಯಲ್ಲೇ ಇರುತ್ತೆ.

ನೋಡುವ ದಿನ

ದುಬೈಯ ಅಲ್ ಅವೀರ್, ಶಾರ್ಜಾದ ಸೂಕ್ ಅಲ್ ಹರಾಜ್, ಅಥವಾ ಮಾಲೀಕರ ಹತ್ತಿರವೇ, ಎಲ್ಲಿಗೆ ಹೋದರೂ ಮಧ್ಯಾಹ್ನದ ಬಿಸಿಲಲ್ಲಿ ಹೋಗಿ. ರಾತ್ರಿ ದೀಪದಡಿ ಎಲ್ಲ ಗಾಡಿಯೂ ಹೊಳೆಯುತ್ತೆ, ಎ.ಸಿ.ಯೂ ತಂಪಾಗಿಯೇ ಇರುತ್ತೆ. “ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ” ಅಂತ ಮೊದಲೇ ಹೇಳಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚೈನಿನ ಗಲಗಲ ಸದ್ದು, ನೀಲಿ ಹೊಗೆ ಗೊತ್ತಾಗುತ್ತೆ. ಅರ್ಧ ಗಂಟೆ ಓಡಿಸಿ, ಕಡೇ ಹತ್ತು ನಿಮಿಷ ಟ್ರಾಫಿಕ್‌ನಲ್ಲಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ.

ಗಾಡಿ ಜಿಸಿಸಿ ಸ್ಪೆಕ್ ಹೌದಾ ಕೇಳಿ. ಅಮೆರಿಕದಲ್ಲಿ ಅಪಘಾತವಾಗಿ ಗುಜರಿಗೆ ಹೋದ ಗಾಡಿಗಳು ಇಲ್ಲಿ ರಿಪೇರಿಯಾಗಿ ಮಾರಾಟವಾಗುತ್ತವೆ. ಚಾಸಿಸ್ ನಂಬರ್ ಹಾಕಿದರೆ ಗೃಹ ಸಚಿವಾಲಯದ ಎಮಿರೇಟ್ಸ್ ವೆಹಿಕಲ್ ಗೇಟ್ ತಾಣದಲ್ಲಿ ಇಲ್ಲಿನ ಅಪಘಾತದ ದಾಖಲೆ ಸಿಗುತ್ತೆ. 2024ರ ಏಪ್ರಿಲ್ 16ರ ಮಳೆ ನೆನಪಿದೆಯಲ್ಲ? ಅವತ್ತು ನೀರಲ್ಲಿ ಮುಳುಗಿದ ಗಾಡಿಗಳು ಎಲ್ಲೂ ಮಾಯವಾಗಿಲ್ಲ. ಕಾರ್ಪೆಟ್ ಎತ್ತಿ ನೋಡಿ. ಸೀಟಿನ ಕೆಳಗಿನ ಕಂಬಿಗೆ ತುಕ್ಕು, ಸ್ಟೆಪ್ನಿ ಇಡುವ ಜಾಗದಲ್ಲಿ ಮಣ್ಣು, ಮುಗ್ಗಲು ವಾಸನೆ ಇದ್ದರೆ ಸಲಾಂ ಹೇಳಿ ಬನ್ನಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರ್ ಇಲ್ಲಿ ನಡೆಯೋದಿಲ್ಲ. 500 ದಿರ್ಹಮ್ ದಂಡ, 4 ಬ್ಲಾಕ್ ಪಾಯಿಂಟ್, ಏಳು ದಿನ ಗಾಡಿ ಜಪ್ತಿ.

ಸ್ಪೋರ್ಟಿ ಗಾಡಿಯ ವಿಶೇಷ ಅಪಾಯ ಇನ್ನೊಂದಿದೆ. ಹಿಂದಿನ ಮಾಲೀಕ ಸೈಲೆನ್ಸರ್ ಬದಲಾಯಿಸಿ ಸದ್ದು ಜಾಸ್ತಿ ಮಾಡಿಸಿರಬಹುದು. ಸದ್ದು ಮಾಡುವ ಗಾಡಿಗೆ 2,000 ದಿರ್ಹಮ್ ದಂಡ, 12 ಬ್ಲಾಕ್ ಪಾಯಿಂಟ್. 24 ಆದರೆ ಲೈಸೆನ್ಸ್ ಅಮಾನತು. ಡ್ರೈವಿಂಗೇ ಉದ್ಯೋಗವಾಗಿರುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಿ. ಸ್ವಂತ ಗಾಡಿಯ ಶೋಕಿ ಕಂಪನಿ ಗಾಡಿಯ ಕೆಲಸವನ್ನೇ ತಿಂದುಹಾಕಬಹುದು.

ಎಲ್ಲ ಹಿಡಿಸಿದರೆ ತಸ್ಜೀಲ್, ಶಾಮಿಲ್‌ನಂಥ ಕೇಂದ್ರದಲ್ಲಿ ಪೂರ್ತಿ ತಪಾಸಣೆ ಮಾಡಿಸಿ. “ಪಾಸಿಂಗ್ ಆಗಿದೆ” ಅನ್ನೋದು ಸಾಲದು. ಪಾಸಿಂಗ್ ನೋಡೋದು ಗಾಡಿ ರಸ್ತೆಗೆ ಸುರಕ್ಷಿತವೇ ಅಂತ. ಗೇರ್‌ಬಾಕ್ಸ್ ಇನ್ನೆಷ್ಟು ದಿನ ಬರುತ್ತೆ ಅಂತ ಅಲ್ಲ. ತಪಾಸಣೆಗೆ ಮಾರುವವರು ಒಪ್ಪದಿದ್ದರೆ ಉತ್ತರ ಸಿಕ್ಕಿದ ಹಾಗೆಯೇ.

ಕಾಗದ ಪತ್ರ

ದುಡ್ಡು ಕೈ ಬದಲಾಗಬೇಕಾದ್ದು ನೋಂದಣಿ ಕೇಂದ್ರದಲ್ಲಿ, ಹೆಸರು ಬದಲಾಗುವ ಹೊತ್ತಿಗೆ. ಅದಕ್ಕೆ ಮೊದಲು ಹಳೇ ದಂಡ, ಬ್ಯಾಂಕ್ ಸಾಲ ತೀರಿರಬೇಕು, ನಿಮ್ಮ ಹೆಸರಲ್ಲಿ ಹೊಸ ಇನ್ಶೂರೆನ್ಸ್ ಆಗಿರಬೇಕು. ಅಡ್ವಾನ್ಸ್ ಕೊಡಲೇಬೇಕಾದರೆ ಚಿಕ್ಕ ಮೊತ್ತ ಕೊಡಿ, ಚಾಸಿಸ್ ನಂಬರ್ ಬರೆದ ರಸೀದಿ ತಗೊಳ್ಳಿ.

ರೂಮ್‌ಮೇಟ್ ಹೆಸರಲ್ಲಿ ಗಾಡಿ ಇಟ್ಟು ನೀವು ಓಡಿಸೋದು ಬೇಡ. ಸ್ನೇಹ ಎಷ್ಟೇ ಗಟ್ಟಿ ಇದ್ದರೂ, ಅವರು ಊರಿಗೆ ಹೋದ ದಿನ ಗಾಡಿ ಕಾನೂನಿನ ಪ್ರಕಾರ ಅವರದೇ. ಹಾಗೆಯೇ “ನಾಲ್ಕು ಜನರನ್ನು ಕಾರ್ ಲಿಫ್ಟ್ ಹಾಕಿಕೊಂಡರೆ ಖರ್ಚು ಹುಟ್ಟುತ್ತೆ” ಅನ್ನೋ ಲೆಕ್ಕವನ್ನು ಹಾಳೆಯಿಂದ ಹೊಡೆದುಹಾಕಿ. ಪರವಾನಗಿ ಇಲ್ಲದೆ ದುಡ್ಡಿಗೆ ಜನರನ್ನು ಸಾಗಿಸೋದು ಅಪರಾಧ. ದೊಡ್ಡ ದಂಡ, ಬ್ಲಾಕ್ ಪಾಯಿಂಟ್, ಗಾಡಿ ಜಪ್ತಿ ಮೂರೂ ಒಟ್ಟಿಗೆ ಬರುತ್ತವೆ.

ಇಷ್ಟೆಲ್ಲ ಕೇಳಿ “ಹಾಗಾದರೆ ಗಾಡಿಯೇ ಬೇಡ” ಅಂತ ಕೆಲವರಿಗೆ ಅನ್ನಿಸಬಹುದು. ಲೆಕ್ಕ ಹಾಗೆ ಹೇಳಿದರೆ ಇನ್ನೊಂದು ವರ್ಷ ಮೆಟ್ರೋದಲ್ಲಿ ಹೋಗಿ, ಅವಮಾನ ಏನಿಲ್ಲ. ರಜೆಯ ದಿನ ಬೇಕಾದರೆ ಬಾಡಿಗೆ ಗಾಡಿ ಸಿಗುತ್ತೆ. ಲೆಕ್ಕ ಕೂಡಿಬಂದರೆ ಮಾತ್ರ ಹಿಂದೆ ಮುಂದೆ ನೋಡಬೇಡಿ, ಇಷ್ಟಪಟ್ಟ ಗಾಡಿ ತಗೊಳ್ಳಿ, ಚೆನ್ನಾಗಿ ಇಟ್ಟುಕೊಳ್ಳಿ. ಮನೆಗೆ ಕಳಿಸುವ ದುಡ್ಡು ಮುಟ್ಟದೆ ಕೊಂಡ ಗಾಡಿಯಲ್ಲಿ ಜೆಬೆಲ್ ಜೈಸ್ ಹತ್ತುವ ಖುಷಿಯೇ ಬೇರೆ.

ನಿಮ್ಮ ಹಾಳೆ ತುಂಬಿಸಿಕೊಂಡು ಬನ್ನಿ. ಸಂಬಳ, ಮನೆಗೆ ಕಳಿಸುವ ಮೊತ್ತ, ಸಾಲಿಕ್, ಪೆಟ್ರೋಲ್, ಇನ್ಶೂರೆನ್ಸ್ ಎಲ್ಲ ಬರೆದಿರಲಿ. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರ್ತೇನೆ, ಒಬ್ಬೊಬ್ಬರದೇ ಕೂತು ನೋಡೋಣ.