ವಿಮಾನದ ಭಯವನ್ನು ಮುಚ್ಚಿಡಬೇಡಿ

ಹಿರಿಯರೇ, ಸ್ಕಿಪೋಲ್‌ನಿಂದ ಬೆಂಗಳೂರಿಗೆ ಮರಳುವುದನ್ನು ನೆನೆದರೇ ಎದೆ ಡವಡವ ಎನ್ನುತ್ತಿದೆಯೇ? ನಾಚಿಕೆ ಬೇಡ, ಮಕ್ಕಳಿಗೆ ಹೇಳಿ. ಹೇಳದೆ, ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಬೇಡಿ. ಸುಮಾರು 10 ಗಂಟೆ ಅಲುಗದೆ ಕುಳಿತು ನಿದ್ರಿಸಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಭಯಕ್ಕಿಂತ ಅದು ಅಪಾಯ.

ವಿಮಾನ ಕುಲುಕುವುದು ಗಾಳಿಯ ಏರಿಳಿತದಿಂದ. ಅದನ್ನು ತಾಳಿಕೊಳ್ಳಲೆಂದೇ ರೆಕ್ಕೆಗಳನ್ನು ಬಾಗುವಂತೆ ಮಾಡಿರುತ್ತಾರೆ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಕಡಿಮೆ. ಕುಳಿತಷ್ಟು ಹೊತ್ತೂ ಬೆಲ್ಟ್ ಹಾಕಿರಿ. 3 ಎಣಿಸುತ್ತ ಉಸಿರು ಎಳೆದುಕೊಳ್ಳಿ, 6 ಎಣಿಸುತ್ತ ನಿಧಾನವಾಗಿ ಬಿಡಿ. ಹೀಗೆ ಹತ್ತು ಸಲ.

ಹತ್ತಿದ ಕೂಡಲೇ ಗಗನಸಖಿಗೆ ಭಯವಿದೆ ಎಂದು ತಿಳಿಸಿ. ಭಾಷೆ ಬಾರದಿದ್ದರೆ ಮಗನಿಂದಲೋ ಮಗಳಿಂದಲೋ ಚೀಟಿ ಬರೆಸಿಟ್ಟುಕೊಳ್ಳಿ. ಬೆಲ್ಟಿನ ದೀಪ ಆರಿದಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಕೈಚೀಲದಲ್ಲೇ ಇರಲಿ.

ಮೊಮ್ಮಕ್ಕಳು ಕಾಯುತ್ತಾರೆ, ಮತ್ತೆ ಬನ್ನಿ.